ಗೋಬಿಂದ್ ಸಿಂಗ್ ಅವರ ಒಂದೂವರೆ ಮೈಲಿ

ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಅಶ್ವದಳದ ಲ್ಯಾನ್ಸ್ ದಫೇದಾರ್ ಗೋಬಿಂದ್ ಸಿಂಗ್ ಅವರ ಸೇವಾಜೀವನವನ್ನು ದಾಖಲೆಗಳಿಂದ ಕಟ್ಟಿಕೊಳ್ಳಲು ಹೊರಟಾಗ ನನ್ನ ಕೈಯಲ್ಲಿದ್ದದ್ದು 1918ರ ಜನವರಿಯ ಲಂಡನ್ ಗೆಜೆಟ್ ಎಂಬ ಬ್ರಿಟಿಷ್ ಸರ್ಕಾರಿ ಪತ್ರಿಕೆಯಲ್ಲಿ ಅಚ್ಚಾದ ಪ್ರಶಸ್ತಿ ವಿವರವಷ್ಟೇ. ರೆಜಿಮೆಂಟಿಗೂ ಬ್ರಿಗೇಡ್ ಕೇಂದ್ರಕ್ಕೂ ನಡುವೆ ಒಂದೂವರೆ ಮೈಲಿ ಬಯಲು. ಅದೆಲ್ಲವೂ ಶತ್ರುವಿನ ಕಣ್ಣಳತೆಯಲ್ಲಿತ್ತು. ತಾವಾಗಿಯೇ ಮುಂದೆ ಬಂದು ಮೂರು ಸಲ ಸಂದೇಶ ಒಯ್ದ ಅವರ ಕುದುರೆ ಮೂರು ಸಲವೂ ಗುಂಡೇಟು ತಿಂದಿತು, ಮೂರು ಸಲವೂ ಅವರು ಉಳಿದ ದಾರಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಿ ಸಂದೇಶ ತಲುಪಿಸಿದರು.

ನಾನು ಎಡವಿದ್ದು ಊರಿನ ಹೆಸರಿನಲ್ಲಿ. ಇದು ನಡೆದದ್ದು ಫ್ರಾನ್ಸಿನ ಪೋಜಿಯೇರ್‌ನ ಪೂರ್ವಕ್ಕೆ ಎಂದು ಹಲವೆಡೆ ಬರೆದಿರುವುದನ್ನು ನಂಬಿ, 1916ರ ಸೊಮ್ ಕದನದ ನಕ್ಷೆಗಳಲ್ಲಿ ವಾರಗಟ್ಟಲೆ ಹುಡುಕಿದೆ. ಆದರೆ 1917ರ ಡಿಸೆಂಬರ್ 1ರಂದು ಅವರ ದಳ ಹೋರಾಡಿದ್ದು ಕಾಂಬ್ರೆ ಕದನದಲ್ಲಿ, ಎಪೆಹಿ ಊರಿಗೆ ಅಂಟಿಕೊಂಡ ಪೆಜಿಯೇರ್ ಎಂಬ ಹಳ್ಳಿಯ ಆಚೆ. ಅಂದಿನಿಂದ ದಳ, ದಿನಾಂಕ, ನಕ್ಷೆ ಮೂರೂ ತಾಳೆಯಾಗದೆ ನಾನು ಯಾವ ಸ್ಥಳದ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಸರಿಯಾದ ನಕ್ಷೆ ಸಿಕ್ಕ ಮೇಲೆ, 1:20,000 ಅಳತೆಯಲ್ಲಿ ಒಂದೂವರೆ ಮೈಲಿಗೆ ಸಮನಾದ ಹನ್ನೆರಡು ಸೆಂಟಿಮೀಟರ್ ದಾರ ಕತ್ತರಿಸಿ ಪೆಜಿಯೇರ್‌ನಿಂದ ಪೂರ್ವಕ್ಕೆ ಹಾಸಿದೆ. ಅಂಗೈ ಅಗಲವನ್ನು ಸ್ವಲ್ಪ ಮೀರುವ ಆ ದಾರದ ಮೇಲೆ ಬೆರಳಾಡಿಸುತ್ತಾ, ಮೊದಲ ಕುದುರೆ ಸತ್ತ ಮೇಲೂ ಅದೇ ಬಯಲಿಗೆ ಮತ್ತೆ ಇಳಿದ ಮನುಷ್ಯನನ್ನು ನೆನೆದು ಬಹಳ ಹೊತ್ತು ಕುಳಿತಿದ್ದೆ.

ಇನ್ನೊಂದು ತೊಡಕು ರೆಜಿಮೆಂಟಿನದು. ಅವರು ಸೇರಿದ್ದು ಹಳೆಯ ಮದ್ರಾಸ್ ಸೈನ್ಯದಿಂದ ಬಂದ 28ನೇ ಲೈಟ್ ಕ್ಯಾವಲ್ರಿಗೆ. ಹೋರಾಡಿದ್ದು 2ನೇ ಲ್ಯಾನ್ಸರ್ಸ್ ಎಂಬ ಇನ್ನೊಂದು ಅಶ್ವದಳದ ಜೊತೆ. ಫ್ರಾನ್ಸಿನಲ್ಲಿದ್ದ ದಳಗಳಲ್ಲಿ ಸವಾರರು ಕಡಿಮೆಯಾದಂತೆ ಭಾರತದ ಇತರ ರೆಜಿಮೆಂಟುಗಳಿಂದ ಆಳುಗಳನ್ನು ಕಳಿಸಿ ತುಂಬುತ್ತಿದ್ದರೆಂಬುದು ತಿಳಿದ ಮೇಲೆ, ಎರಡೂ ಹೆಸರುಗಳನ್ನು ಒಟ್ಟಿಗೆ ಇಟ್ಟು ಹುಡುಕತೊಡಗಿದೆ.

ದಫೇದಾರ್ ಎಂದರೆ ನಮಗೆ ಕಚೇರಿಯ ಬಾಗಿಲಲ್ಲಿ ನಿಲ್ಲುವವರ ನೆನಪಾಗುತ್ತದೆ. ಅಶ್ವದಳದಲ್ಲಿ ಅದು ಸಾರ್ಜೆಂಟನಿಗೆ ಸಮನಾದ ಹುದ್ದೆ, ಲ್ಯಾನ್ಸ್ ದಫೇದಾರ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಭಾರತೀಯರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯುವಂತಾದದ್ದೇ 1911ರಲ್ಲಿ. 1942ರಲ್ಲಿ ತೀರಿಕೊಂಡ ಗೋಬಿಂದ್ ಸಿಂಗ್ ಅವರು ಏರಿದ್ದು ಜಮಾದಾರ್ ಎಂಬ, ಭಾರತೀಯ ಅಧಿಕಾರಿಗಳಲ್ಲಿ ಕೊನೆಯ ಮೆಟ್ಟಿಲಿನ ಹುದ್ದೆಯವರೆಗೆ. ಎಷ್ಟೇ ಕಿರಿಯನಾದರೂ ಬ್ರಿಟಿಷ್ ಲೆಫ್ಟಿನೆಂಟನ ಕೈಕೆಳಗೇ ಇರಬೇಕಾಗಿದ್ದ ಹುದ್ದೆಯದು ಎಂಬುದನ್ನು, ಪದಕದ ವಿವರದ ಪಕ್ಕದಲ್ಲೇ, ನನ್ನ ಕಡತದಲ್ಲಿ ಬರೆದಿಟ್ಟಿದ್ದೇನೆ.