ಸಮಾಂತರ ಚತುರ್ಭುಜದ ಕರ್ಣಗಳು: ಎರಡನೇ ಲಂಬದಲ್ಲಿ ಎಡವಬೇಡಿ

ಸಮಾಂತರ ಚತುರ್ಭುಜದ ಎರಡು ಕರ್ಣಗಳ ವರ್ಗಗಳನ್ನು ಕೂಡಿಸಿದರೆ ನಾಲ್ಕೂ ಬಾಹುಗಳ ವರ್ಗಗಳ ಮೊತ್ತ ಸಿಗುತ್ತದೆ. ಇದನ್ನು ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ. ಸಾಧಿಸಿ ತೋರಿಸಿ ಅಂದರೆ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ.

ಮೊದಲು ಚಿತ್ರ. 9 ಸೆಂ.ಮೀ. ಪಾದ ಎಬಿ ಎಳೆಯಿರಿ. ಎಯಿಂದ 7, ಬಿಯಿಂದ 8 ಸೆಂ.ಮೀ. ಕಂಸ ಹಾಕಿ, ಅವು ಪಾದದ ಮೇಲ್ಗಡೆ ಕತ್ತರಿಸುವಲ್ಲಿ ಡಿ. ಡಿಯಿಂದ 9, ಬಿಯಿಂದ 7 ಸೆಂ.ಮೀ. ಕಂಸ ಹಾಕಿದರೆ, ಬಿಡಿ ಗೆರೆಯ ಆಚೆ ಬದಿಯಲ್ಲಿ ಸಿ. ಕೀಲು ಸಡಿಲವಾದ ಕೈವಾರ ಖಂಡಿತ ಬೇಡ, ಕಂಸ ಮುಗಿಯುವಷ್ಟರಲ್ಲಿ ಅಳತೆಯೇ ಬದಲಾಗಿರುತ್ತದೆ.

ಈಗ ಲಂಬಗಳು. ಡಿಯಿಂದ ಇಳಿಸಿದ ಲಂಬ ಪಾದದ ಮೇಲೇ ಬೀಳುತ್ತದೆ. ಅದು ಎಯಿಂದ ಎಷ್ಟು ದೂರವೋ ಅದನ್ನು ಪ ಎನ್ನಿ, ಎತ್ತರವನ್ನು ಹ ಎನ್ನಿ. ಸಿಯಿಂದ ಇಳಿಸುವ ಲಂಬ ಪಾದದ ಮೇಲೆ ಬೀಳುವುದಿಲ್ಲ! ಆಕೃತಿಯ ಹೊರಗೆ, ಬಿಯನ್ನು ದಾಟಿ ಬೀಳುತ್ತದೆ. ಜನ ಅದನ್ನು ಒಳಗೇ ತುರುಕಲು ನೋಡುತ್ತಾರೆ, ಅಲ್ಲಿಗೆ ಲೆಕ್ಕ ಕೆಡುತ್ತದೆ. ಸ್ಕೇಲ್ ಇಟ್ಟು ಎಬಿಯನ್ನು ಬಲಕ್ಕೆ ಚುಕ್ಕಿಗೆರೆಯಲ್ಲಿ ಬೆಳೆಸಿ, ಆಮೇಲೆ ಲಂಬ ಇಳಿಸಿ. ಬಿಯಿಂದ ಆಚೆ ಸಿಗುವ ತುಂಡೂ ಪ ಉದ್ದದ್ದೇ. ಎರಡು ತುದಿಯ ಲಂಬಕೋನ ತ್ರಿಭುಜಗಳಿಗೂ ವಿಕರ್ಣ 7, ಎತ್ತರ ಹ. ಹಾಗಾಗಿ ಅವು ಸರ್ವಸಮ.

ಇನ್ನು ಪೈಥಾಗೊರಸ್. ಉದ್ದ ಕರ್ಣ ಎಸಿಯ ವರ್ಗ (9 + ಪ)² + ಹ². ಗಿಡ್ಡ ಕರ್ಣ ಬಿಡಿಯ ವರ್ಗ (9 − ಪ)² + ಹ². ಬಿಡಿಸಿದಾಗ ಒಂದರಲ್ಲಿ +18ಪ, ಇನ್ನೊಂದರಲ್ಲಿ −18ಪ ಬರುತ್ತದೆ. ಕೂಡಿಸಿದರೆ ಎರಡೂ ಹೊಡೆದುಹೋಗುತ್ತವೆ. ಉಳಿಯುವುದು 162 + 2(ಪ² + ಹ²). ಪ² + ಹ² ಅಂದರೆ ಓರೆ ಬಾಹುವಿನ ವರ್ಗ, 49. ಒಟ್ಟು 260. ಕೊಸೈನ್ ಸೂತ್ರ ಹಾಕಿದರೆ ಇದು ಎರಡೇ ಸಾಲು, ನಿಜ. ಆದರೆ ಮೊದಲ ಸಲಕ್ಕೆ ಆ ದಾರಿ ಬೇಡ, ಚಿತ್ರದಲ್ಲಿ ಏನು ನಡೆಯಿತು ಎಂಬುದೇ ಕಣ್ಣಿಗೆ ಬೀಳುವುದಿಲ್ಲ.

ಬಿಡಿ 8 ಇದೆ, ವರ್ಗ 64. ಉಳಿದದ್ದು 196, ಅಂದರೆ ಎಸಿ 14 ಇರಲೇಬೇಕು. ಸ್ಕೇಲ್ ಇಟ್ಟು ಅಳೆದು ನೋಡಿ. ಸುಮ್ನೆ ಉದ್ದಗಳನ್ನೇ ಕೂಡಿಸಬೇಡಿ: ಕರ್ಣಗಳು ಸೇರಿ 22, ಬಾಹುಗಳು ಸೇರಿ 32, ತಾಳೆಯೇ ಆಗುವುದಿಲ್ಲ.

ಬಾಹುಗಳಷ್ಟೇ ಗೊತ್ತಿದ್ದರೆ ಕರ್ಣ ಸಿಗುವುದಿಲ್ಲ, ಒಂದು ಕರ್ಣವೋ ಕೋನವೋ ಬೇಕೇ ಬೇಕು. ಇದೇ ಬಾಹುಗಳನ್ನು ಜಾಸ್ತಿ ಓರೆ ಮಾಡಿದಷ್ಟೂ ಒಂದು ಕರ್ಣ ಬೆಳೆಯುತ್ತದೆ, ಇನ್ನೊಂದು ಕುಗ್ಗುತ್ತದೆ. ವರ್ಗಗಳ ಮೊತ್ತ ಮಾತ್ರ 260 ಆಗಿಯೇ ಇರುತ್ತದೆ. ನೆಟ್ಟಗೆ ನಿಲ್ಲಿಸಿದರೆ ಆಯತ: ಪ ಸೊನ್ನೆ, ಎರಡೂ ಕರ್ಣ ಸಮ, ಒಂದೊಂದರ ವರ್ಗ 130.