ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್ ಆರಿಸುವ ಬಗೆ

ವರ್ಷಕ್ಕೆ ಒಂದೆರಡು ಸಾವಿರ ಕಿಲೋಮೀಟರ್ ಮಾತ್ರ ಓಡುವ ಹಳೆಯ ಸ್ಪೋರ್ಟ್ಸ್ ಕಾರಿನ ಟೈರಿನಲ್ಲಿ ಬಟನ್, ಅಂದರೆ ರಸ್ತೆಗೆ ತಾಗುವ ಗೀರುಗಳ ಆಳ, ಎಷ್ಟು ಉಳಿದಿದೆ ಎಂದು ನೋಡಿ ತೀರ್ಮಾನಕ್ಕೆ ಬರುವುದು ಅಪಾಯಕರ. ಓಡದೆ ನಿಂತ ಟೈರಿನ ರಬ್ಬರ್ ಗಾಳಿ, ಬಿಸಿಲು ಮತ್ತು ಓಝೋನಿನಿಂದ ಗಡುಸಾಗುತ್ತಾ ಹೋಗಿ, ಹೊರಗಿನಿಂದ ಹೊಸದರಂತೆ ಕಂಡರೂ ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಟೈರಿನ ವಯಸ್ಸು. ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ ಡಿಒಟಿ (DOT) ಎಂದು ಆರಂಭವಾಗುವ ಸಾಲಿನ ಕೊನೆಯ 4 ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರ್. ಅಲ್ಲಿ 3 ಅಂಕಿಗಳಷ್ಟೇ ಇದ್ದರೆ ಆ ಟೈರ್ 2000ಕ್ಕಿಂತ ಹಿಂದಿನದು, ಅದರ ಬಗ್ಗೆ ಮತ್ತೆ ಯೋಚಿಸುವ ಅಗತ್ಯವೇ ಇಲ್ಲ. ಈ ಸಂಖ್ಯೆ ಕೆಲವೊಮ್ಮೆ ಟೈರಿನ ಒಳಬದಿಗೆ ಮಾತ್ರ ಇರುವುದರಿಂದ ಕಾರಿನ ಕೆಳಗೆ ಬಗ್ಗಿ ನೋಡಬೇಕಾಗಬಹುದು. 5 ವರ್ಷ ದಾಟಿದ ಟೈರುಗಳನ್ನು ಪ್ರತಿವರ್ಷ ತಪಾಸಣೆ ಮಾಡಿಸಿ, 10 ವರ್ಷಕ್ಕೆ ಹೇಗಿದ್ದರೂ ಬದಲಿಸಿ ಎಂಬುದು ಮಿಶೆಲಿನ್ ಕಂಪನಿಯ ಸಲಹೆ. ಹೊಸದಾಗಿ ಕೊಳ್ಳುವಾಗಲೂ ಇದೇ ಅಂಕಿಗಳನ್ನು ಓದಿಯೇ ಹಣ ಕೊಡಿ, ಏಕೆಂದರೆ ಹಳೆಯ ಅಳತೆಯ ಟೈರುಗಳು ನಿಧಾನವಾಗಿ ಮಾರಾಟವಾಗಿ ವರ್ಷಗಟ್ಟಲೆ ಗೋದಾಮಿನಲ್ಲಿ ಉಳಿದಿರುವುದುಂಟು.

ಇನ್ನು ಅಳತೆ. 1960ರ ದಶಕದ ಕಾರಿನ ಕೈಪಿಡಿಯಲ್ಲಿ 165 ಎಚ್‌ಆರ್ 15 ಎಂಬಂಥ ಬರಹವಿರುತ್ತದೆ. ಇಲ್ಲಿ 165 ಎಂಬುದು ಮಿಲಿಮೀಟರ್ ಲೆಕ್ಕದ ಅಗಲ, ಎಚ್ ಎಂಬುದು ಗಂಟೆಗೆ 210 ಕಿ.ಮೀ. ವೇಗದ ಮಿತಿ, ಆರ್ ಎಂದರೆ ರೇಡಿಯಲ್ (ಒಳಗಿನ ಎಳೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರವಾಗಿ ಹಾಯುವ ಬಗೆ), 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಇಂದಿನ ಟೈರುಗಳ ಮೇಲೆ 60, 65 ಎಂದು ಕಾಣುವ ಎತ್ತರದ ಅನುಪಾತ, ಅಂದರೆ ಸೈಡ್‌ವಾಲಿನ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಇಲ್ಲಿ ನಮೂದಾಗಿರುವುದಿಲ್ಲ. ಅದನ್ನು ಸುಮಾರು 80 ಎಂದು ಹಿಡಿಯಬೇಕು. ಹಾಗೆ ಲೆಕ್ಕ ಹಾಕಿದರೆ ಈ ಟೈರಿನ ಒಟ್ಟು ವ್ಯಾಸ ಸುಮಾರು 645 ಮಿ.ಮೀ. ಸುಲಭವಾಗಿ ಸಿಗುತ್ತದೆಂದು ಇದರ ಬದಲು 205/60 ಆರ್ 15 ಹಾಕಿಸಿದರೆ ವ್ಯಾಸ 627 ಮಿ.ಮೀ.ಗೆ ಇಳಿಯುತ್ತದೆ. ಆಗ ಸ್ಪೀಡೋಮೀಟರ್ 100 ತೋರಿಸುವಾಗ ಕಾರು ನಿಜವಾಗಿ ಮೊದಲಿಗಿಂತ ಶೇ. 3ರಷ್ಟು ಕಡಿಮೆ ವೇಗದಲ್ಲಿರುತ್ತದೆ, ಎಂಜಿನ್ ಅಷ್ಟೇ ಪಾಲು ಹೆಚ್ಚು ಸುತ್ತು ತಿರುಗುತ್ತದೆ, ಕಾರು 9 ಮಿ.ಮೀ. ಕೆಳಗಿಳಿಯುತ್ತದೆ. ಅದೇ 185/70 ಆರ್ 15 ಆರಿಸಿದರೆ ವ್ಯಾಸ 640 ಮಿ.ಮೀ. ಆಗುವುದರಿಂದ ವ್ಯತ್ಯಾಸ ಗಮನಕ್ಕೇ ಬಾರದು.

ಅಗಲ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಹಳೆಯ ಕಾರುಗಳಿಗೆ ಮಾಡಿರುವಷ್ಟು ಹಾನಿಯನ್ನು ತುಕ್ಕು ಮಾತ್ರ ಮಾಡಿದೆ ಎಂದು ನನಗನಿಸುತ್ತದೆ. ಪೋರ್ಷೆ ಕಂಪನಿಯೇ ತನ್ನ 911 ಕಾರನ್ನು 165ರಿಂದ 185/70ಕ್ಕೆ ಏರಿಸಿತು ಎಂದು ವಾದಿಸುವವರು, ಅದೇ ಅವಧಿಯಲ್ಲಿ ರಿಮ್ಮಿನ ಅಗಲವೂ 4.5 ಇಂಚಿನಿಂದ ಹಂತಹಂತವಾಗಿ 6 ಇಂಚಿಗೆ ಏರಿತು ಎಂಬುದನ್ನು ಮರೆಯುತ್ತಾರೆ. ಕಿರಿದಾದ ರಿಮ್ಮಿಗೆ ಅಗಲದ ಟೈರ್ ಹಾಕಿದರೆ ಸೈಡ್‌ವಾಲ್ ಹೊರಕ್ಕೆ ಉಬ್ಬಿಕೊಂಡು ತಿರುವಿನಲ್ಲಿ ತೊನೆಯುತ್ತದೆ. ಪವರ್ ಸ್ಟಿಯರಿಂಗ್ ಇಲ್ಲದ ಕಾರಿನ ಸ್ಟಿಯರಿಂಗ್ ಭಾರವಾಗುತ್ತದೆ. ತಯಾರಕರು ಊಹಿಸದಷ್ಟು ಹಿಡಿತ ಬಂದಾಗ ಆ ಒತ್ತಡವೆಲ್ಲ ವೀಲ್ ಬೇರಿಂಗ್, ಸಸ್ಪೆನ್ಷನ್ ಮತ್ತು ಸ್ಪೋಕ್‌ಗಳ ಮೇಲೆ ಬೀಳುತ್ತದೆ. ಇದಕ್ಕಿಂತಲೂ ಮುಖ್ಯವಾಗಿ, ಎತ್ತರದ ಸೈಡ್‌ವಾಲಿನ ಹಳೆಯ ಮಾದರಿಯ ಟೈರ್ ಕಡಿಮೆ ವೇಗದಲ್ಲೇ ಜಾರಲು ತೊಡಗಿದರೂ ಮೆಲ್ಲಗೆ ಸೂಚನೆ ಕೊಟ್ಟು ಜಾರುತ್ತದೆ. ಅಗಲವಾದ, ಗಿಡ್ಡ ಸೈಡ್‌ವಾಲಿನ ಟೈರ್ ಕೊನೆಯ ಕ್ಷಣದವರೆಗೆ ಹಿಡಿದು ಒಮ್ಮೆಲೇ ಕೈಬಿಡುತ್ತದೆ. ಕೊಳ್ಳುವ ಮುನ್ನ ನಿಮ್ಮ ರಿಮ್ಮಿನ ಅಗಲವನ್ನು ಅಳೆದು, ಟೈರ್ ತಯಾರಕರು ಒಪ್ಪುವ ಮಿತಿಯೊಳಗೆ ಅದು ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.

ಬಳಕೆಯ ಮಾತಿನಲ್ಲಿ ನೈಲಾನ್ ಟೈರ್ ಎನ್ನುವ, ಒಳಗಿನ ಎಳೆಗಳು ಓರೆಯಾಗಿ ಒಂದನ್ನೊಂದು ದಾಟುವ ಕ್ರಾಸ್‌ಪ್ಲೈಯೊಂದಿಗೇ ಹುಟ್ಟಿದ ಕಾರುಗಳ ವಿಷಯ ಬೇರೆ. 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಆರಂಭದಲ್ಲಿ 6.40-15 ಅಳತೆಯ ಡನ್ಲಪ್ ಕ್ರಾಸ್‌ಪ್ಲೈ ಮೇಲೆ ಓಡುತ್ತಿತ್ತು. ನಂತರದ ಕಾರುಗಳಿಗೆ 185 ಅಗಲದ ರೇಡಿಯಲ್ ಬಂತು. ರಸ್ತೆಯಲ್ಲಿ ನಿಜವಾಗಿ ಓಡಿಸುವ ಉದ್ದೇಶವಿದ್ದರೆ ಇಂಥ ಕಾರಿಗೆ ರೇಡಿಯಲ್ಲೇ ಒಳ್ಳೆಯದು, ಪ್ರದರ್ಶನಕ್ಕೆ ಮೂಲರೂಪ ಬೇಕೆನ್ನುವವರಿಗೆ ಕ್ರಾಸ್‌ಪ್ಲೈ ಇಂದಿಗೂ ಸಿಗುತ್ತದೆ. ಆದರೆ ಎರಡನ್ನೂ ಬೆರೆಸಬಾರದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಹಾಕಿದ ಕಾರಿನ ಹಿಂಭಾಗ ತಿರುವಿನಲ್ಲಿ ಚಾಲಕನನ್ನು ದಾಟಿ ಮುಂದೆ ಬರಲು ನೋಡುತ್ತದೆ.

ಸ್ಪೋಕ್ ಇರುವ ತಂತಿಯ ವೀಲ್‌ಗಳಿಗೆ ಟ್ಯೂಬ್ ಬೇಕೇ ಬೇಕು, ಏಕೆಂದರೆ ಸ್ಪೋಕ್ ರಂಧ್ರಗಳಿಂದ ಗಾಳಿ ಸೋರುತ್ತದೆ. ಟೈರ್ ರೇಡಿಯಲ್ ಆದರೆ ಟ್ಯೂಬ್ ಕೂಡ ರೇಡಿಯಲ್ಲಿಗೆ ಹೊಂದುವಂಥದ್ದೇ ಆಗಿರಲಿ. ಟೈರಿನ ಒಳಗೆ ಅಂಟಿಸಿದ ಕಾಗದದ ಚೀಟಿಗಳನ್ನು ಕಿತ್ತು ಒರೆಸದಿದ್ದರೆ ಅವು ಟ್ಯೂಬನ್ನು ಉಜ್ಜಿ ತೂತು ಮಾಡುತ್ತವೆ, ಕೆಲಸದವರು ಅವಸರದಲ್ಲಿ ಬಿಟ್ಟುಬಿಡುವುದು ಇದನ್ನೇ. ರಿಮ್ ಒಳಗೆ ಸ್ಪೋಕ್ ತಲೆಗಳನ್ನು ಮುಚ್ಚುವ ಪಟ್ಟಿಯೂ ಹೊಸದಾಗಿರಲಿ.

1970ರ ದಶಕದ ಕೊನೆ ಮತ್ತು 80ರ ದಶಕದ ಕೆಲವು ಬಿಎಂಡಬ್ಲ್ಯು, ಫೆರಾರಿ ಕಾರುಗಳ ಮಾಲೀಕರು ಇನ್ನೊಂದು ಬಲೆಗೆ ಬೀಳುತ್ತಾರೆ. ಮಿಶೆಲಿನ್ ಟಿಆರ್‌ಎಕ್ಸ್ ವೀಲ್‌ಗಳ ವ್ಯಾಸ ಇಂಚಿನಲ್ಲಿಲ್ಲ, 390 ಮಿ.ಮೀ. ಎಂಬಂತೆ ಮೆಟ್ರಿಕ್ ಅಳತೆಯಲ್ಲಿದೆ. ರಿಮ್ಮಿನ ಅಂಚಿನ ಆಕಾರವೂ ಬೇರೆ. 15 ಅಥವಾ 16 ಇಂಚಿನ ಟೈರನ್ನು ಬಲವಂತವಾಗಿ ಇದಕ್ಕೆ ಕೂರಿಸುವ ಪ್ರಯತ್ನ ಪ್ರಾಣಾಪಾಯಕ್ಕೆ ದಾರಿ; ಟಿಆರ್‌ಎಕ್ಸ್ ಟೈರನ್ನೇ ಕೊಳ್ಳಬೇಕು, ಇಲ್ಲವೇ ವೀಲ್‌ಗಳನ್ನೇ ಬದಲಿಸಬೇಕು.

ಯಾವ ಮಾದರಿ ಎಂಬ ಪ್ರಶ್ನೆಗೆ ಉತ್ತರ ಕಾರಿನ ವೇಗದಲ್ಲಿದೆ. ಬ್ರಿಟನ್ನಿನ ಎಂಜಿಬಿಯಂಥ ಸಾಧಾರಣ ವೇಗದ ಕಾರಿಗೆ ಸರಿಯಾದ ಅಳತೆಯ, ಒಳ್ಳೆಯ ಹೆಸರಿನ ಸಾಮಾನ್ಯ ಟೈರ್ ಸಾಕು. ಆದರೆ 205/70 ವಿಆರ್ 14 ಅಳತೆಯ ಮಿಶೆಲಿನ್ ಎಕ್ಸ್‌ಡಬ್ಲ್ಯುಎಕ್ಸ್ ಮೇಲೆ ರೂಪುಗೊಂಡ, ಫೆರಾರಿ ತಯಾರಿಸಿದ ಡಿನೋ 246ಕ್ಕೆ, ಅಥವಾ ಹಳೆಯ 911ಕ್ಕೆ, ಹೆಚ್ಚು ಬಾಳಿಕೆಗೆಂದು ಗಡುಸು ರಬ್ಬರಿನಲ್ಲಿ ಮಾಡಿದ ಟೈರ್ ಹಾಕುವುದು ಉಳಿತಾಯವಲ್ಲ. ಎಕ್ಸ್‌ಡಬ್ಲ್ಯುಎಕ್ಸ್, ಎಕ್ಸ್‌ಎಎಸ್, ಪಿರೆಲ್ಲಿ ಸಿಂಟುರಾಟೋ ಸಿಎನ್36 ಮೊದಲಾದ ಮಾದರಿಗಳು ಹಳೆಯ ವಿನ್ಯಾಸದಲ್ಲೇ ಮತ್ತೆ ತಯಾರಾಗುತ್ತಿವೆ. ಬೆಲೆ ಹೆಚ್ಚು, ಆದರೆ ಕಾರಿನ ಮೂಲ ನಡೆಯೂ ನೋಟವೂ ಮರಳಿ ಸಿಗುತ್ತದೆ. ವೇಗದ ಅಕ್ಷರ ಕೈಪಿಡಿಯಲ್ಲಿರುವುದಕ್ಕಿಂತ ಕೆಳಗಿಳಿಯದಿರಲಿ: ಎಸ್ ಎಂದರೆ 180, ಎಚ್ ಎಂದರೆ 210, ವಿ ಎಂದರೆ 240 ಕಿ.ಮೀ. ಭಾರದ ಸಂಖ್ಯೆಯನ್ನೂ ನೋಡಿ. 86 ಎಂದಿದ್ದರೆ ಒಂದು ಟೈರ್ 530 ಕಿಲೋ ಹೊರಬಲ್ಲದು.

ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಿ. ಗಾಳಿಯ ಒತ್ತಡಕ್ಕೆ ಕೈಪಿಡಿಯ ಅಂಕಿಯಿಂದ ಆರಂಭಿಸಿ, ಮುಂದಿನ ಮತ್ತು ಹಿಂದಿನ ಟೈರುಗಳ ನಡುವಿನ ವ್ಯತ್ಯಾಸವನ್ನು ಹಾಗೆಯೇ ಉಳಿಸಿಕೊಳ್ಳಿ. ಎಂಜಿನ್ ಹಿಂದಿರುವ 911ರಲ್ಲಿ ಈ ವ್ಯತ್ಯಾಸ ಅಳಿಸಿದರೆ ಕಾರಿನ ಸ್ವಭಾವವೇ ಕೆಡುತ್ತದೆ. ತಯಾರಿಕೆಯಲ್ಲಿ ಟೈರ್ ಅಚ್ಚಿಗೆ ಅಂಟದಿರಲೆಂದು ಸವರಿದ ಜಾರುಪದಾರ್ಥ ಸವೆದುಹೋಗುವವರೆಗೆ, ಅಂದರೆ ಮೊದಲ 300 ಕಿ.ಮೀ.ವರೆಗೆ, ತಿರುವುಗಳಲ್ಲಿ ತಾಳ್ಮೆಯಿರಲಿ. ಕೊನೆಯದಾಗಿ ಡಿಕ್ಕಿ ತೆರೆದು ಸ್ಟೆಪ್ನಿಯ ಅಂಕಿಗಳನ್ನೂ ಓದಿ. ಕಾರು ಕಾರ್ಖಾನೆಯಿಂದ ಹೊರಬಂದ ದಿನದ್ದೇ ಟೈರ್ ಅಲ್ಲಿ ಇನ್ನೂ ಕುಳಿತಿರಬಹುದು.