ಪಿಕ್ಸೆಲ್‌ಗಳ ನಡುವೆ ಹಂಚಿಹೋದ ಸಿಗ್ನಲ್: ಕೂಡಿಸುವುದು ಹೇಗೆ, ಸರಿಪಡಿಸುವುದು ಹೇಗೆ?

ಎಕ್ಸ್‌ಕಿರಣ, ಗಾಮಾ ಫೋಟಾನ್‌ಗಳ ಶಕ್ತಿ ಅಳೆಯುವ ಕ್ಯಾಡ್ಮಿಯಂ ಟೆಲ್ಯುರೈಡ್ ಪಿಕ್ಸೆಲ್ ಡಿಟೆಕ್ಟರ್ ಮುಂದೆ ಅಮೆರಿಷಿಯಂ-241 ವಿಕಿರಣ ಮೂಲವನ್ನು ಇಟ್ಟರೆ, ಶಕ್ತಿಯ ಸ್ಪೆಕ್ಟ್ರಮ್‌ನಲ್ಲಿ 59.5 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆಇವಿ) ಹತ್ತಿರ ಚೂಪಾದ ಪೀಕ್ ಬರಬೇಕು. ಆದರೆ ಪಿಕ್ಸೆಲ್ ಚಿಕ್ಕದಾದಷ್ಟೂ ಪೀಕ್ ಗಿಡ್ಡವಾಗುತ್ತದೆ, ಅದರ ಎಡಕ್ಕೆ ಉದ್ದನೆಯ ಬಾಲ ಬೆಳೆಯುತ್ತದೆ. ಫೋಟಾನ್ ತಂದ ಶಕ್ತಿ ಎಲ್ಲಿಗೂ ಮಾಯವಾಗಿಲ್ಲ. ಕಾಣದಾದ ಪಾಲಿನ ಹೆಚ್ಚಿನದು ಪಕ್ಕದ ಪಿಕ್ಸೆಲ್‌ನಲ್ಲಿದೆ. ಅದನ್ನು ಹುಡುಕಿ ತಂದು ಸೇರಿಸುವುದೇ ಇಲ್ಲಿನ ಕೆಲಸ. ಹೀಗೆ ಹಂಚಿಹೋದ ಘಟನೆಗಳನ್ನು (ಘಟನೆ ಎಂದರೆ ಒಂದು ಫೋಟಾನ್‌ನ ಬಡಿತ) ಸುಮ್ಮನೆ ಎಸೆದರೂ ಪೀಕ್ ಚೂಪಾಗುತ್ತದೆ ನಿಜ. ಆದರೆ ಸಣ್ಣ ಪಿಕ್ಸೆಲ್‌ನ ಡಿಟೆಕ್ಟರ್‌ನಲ್ಲಿ ಹಾಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಫೋಟಾನ್‌ಗಳೇ ಕೈಬಿಟ್ಟುಹೋಗಬಹುದು.

ಹಂಚಿಕೆ ಏಕೆ ಆಗುತ್ತದೆ? ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಒಂದು ಎಲೆಕ್ಟ್ರಾನ್-ಹೋಲ್ ಜೋಡಿಗೆ ಸುಮಾರು 4.43 ಎಲೆಕ್ಟ್ರಾನ್ ವೋಲ್ಟ್ ಬೇಕು. ಹಾಗಾಗಿ 59.5 ಕೆಇವಿಯ ಒಂದು ಫೋಟಾನ್‌ನಿಂದ ಸುಮಾರು 13,400 ಜೋಡಿಗಳು ಹುಟ್ಟುತ್ತವೆ. ಈ ಎಲೆಕ್ಟ್ರಾನ್ ಮೋಡ ಆನೋಡ್ ಕಡೆಗೆ ಸಾಗುತ್ತಾ ಹರಡುತ್ತದೆ. 2 ಮಿಲಿಮೀಟರ್ ದಪ್ಪದ ಹರಳಿಗೆ 1000 ವೋಲ್ಟ್ ಕೊಟ್ಟರೆ, ಪೂರ್ತಿ ದಪ್ಪ ದಾಟುವಷ್ಟರಲ್ಲಿ ವಿಸರಣೆಯೊಂದರಿಂದಲೇ ಹರಡುವಿಕೆಯ ಸಿಗ್ಮಾ (ಪ್ರಮಾಣಿತ ವಿಚಲನೆ) ಸುಮಾರು 14 ಮೈಕ್ರೊಮೀಟರ್. 500 ವೋಲ್ಟ್‌ಗೆ ಇಳಿಸಿದರೆ 20. ಆದ್ದರಿಂದ ಸಾಫ್ಟ್‌ವೇರ್ ಮುಟ್ಟುವ ಮೊದಲು ಬಯಾಸ್ ವೋಲ್ಟೇಜ್ (ಹರಳಿಗೆ ಕೊಡುವ ವೋಲ್ಟೇಜ್) ನೋಡಿ. ಸೋರಿಕೆ ಕರೆಂಟ್‌ನ ನಾಯ್ಸ್ ಪೀಕನ್ನು ಅಗಲಿಸಲು ಶುರುಮಾಡುವವರೆಗೆ ಏರಿಸಿ, ಅಲ್ಲಿಂದ ಸ್ವಲ್ಪ ಹಿಂದೆ ಬನ್ನಿ.

ಮೊದಲು ನಾಯ್ಸ್, ಆಮೇಲೆ ಥ್ರೆಶೋಲ್ಡ್

ಮೂಲವನ್ನು ದೂರ ಸರಿಸಿ, ಪ್ರತಿ ಪಿಕ್ಸೆಲ್‌ನ ಬೇಸ್‌ಲೈನ್ ಮತ್ತು ನಾಯ್ಸ್ ಸಿಗ್ಮಾ ಅಳೆಯಿರಿ. ವಿಪರೀತ ಗದ್ದಲದ ಪಿಕ್ಸೆಲ್‌ಗಳನ್ನು ಪಟ್ಟಿಯಿಂದ ತೆಗೆಯಿರಿ. ಎಲ್ಲ ಪಿಕ್ಸೆಲ್‌ಗಳೂ ಒಟ್ಟಿಗೆ ಮೇಲೆ ಕೆಳಗೆ ಆಡುತ್ತಿದ್ದರೆ, ಪ್ರತಿ ಫ್ರೇಮ್‌ನಲ್ಲೂ ಖಾಲಿ ಪಿಕ್ಸೆಲ್‌ಗಳ ಮೀಡಿಯನ್ ಕಂಡುಹಿಡಿದು ಕಳೆಯಿರಿ.

ಥ್ರೆಶೋಲ್ಡ್ (ಸಿಗ್ನಲ್ ಎಂದು ಎಣಿಸಲು ಬೇಕಾದ ಕನಿಷ್ಠ ಮಟ್ಟ) ಅನ್ನು 5 ಸಿಗ್ಮಾ ಹತ್ತಿರ ಇಡುವುದು ಒಳ್ಳೆಯ ಆರಂಭ. ಸಿಗ್ಮಾ 0.6 ಕೆಇವಿ ಇದ್ದರೆ ಥ್ರೆಶೋಲ್ಡ್ 3 ಕೆಇವಿ. ಪಕ್ಕದ ಪಿಕ್ಸೆಲ್‌ಗೆ 3ಕ್ಕಿಂತ ಕಡಿಮೆ ಹೋದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಎಷ್ಟೋ ಪ್ರಯೋಗಗಳಲ್ಲಿ ಪೀಕ್‌ನ ಬಾಲ ಉಳಿದುಬಿಡುವುದು ಇದರಿಂದಲೇ: ಥ್ರೆಶೋಲ್ಡ್ 10 ಕೆಇವಿಗೆ ಇಟ್ಟು, ಕೂಡಿಸುವ ಸೂತ್ರದಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಒಂದು ಪಿಕ್ಸೆಲ್ ಟ್ರಿಗರ್ ಆದ ಕೂಡಲೇ ನೆರೆಯವನ್ನೂ ಥ್ರೆಶೋಲ್ಡ್ ಇಲ್ಲದೆ ಓದಲು ಚಿಪ್ ಅವಕಾಶ ಕೊಟ್ಟರೆ ಹಾಗೇ ಓದಿ.

ಗೇನ್: ಒಂಟಿ ಘಟನೆಗಳಿಂದ ಮಾತ್ರ

ಸುತ್ತಲಿನ ಎಂಟೂ ಪಿಕ್ಸೆಲ್‌ಗಳು ಸುಮ್ಮನಿರುವ ಘಟನೆಗಳನ್ನಷ್ಟೇ ಆರಿಸಿ. ಅಮೆರಿಷಿಯಂನ 59.5, ಕೋಬಾಲ್ಟ್-57ರ 122.1 ಮತ್ತು 136.5 ಕೆಇವಿ ಪೀಕ್‌ಗಳಿಂದ ಪ್ರತಿ ಪಿಕ್ಸೆಲ್‌ಗೂ ಬೇರೆ ಬೇರೆ ಗೇನ್ (ಓದುವಿಕೆಯನ್ನು ಶಕ್ತಿಗೆ ಬದಲಿಸುವ ಗುಣಕ), ಆಫ್‌ಸೆಟ್ (ಸೊನ್ನೆಯಿಂದ ಇರುವ ಅಂತರ) ಕಂಡುಹಿಡಿಯಿರಿ. ಪಲ್ಸ್ ಥ್ರೆಶೋಲ್ಡ್ ಮೇಲೆ ಇರುವ ಅವಧಿಯನ್ನು ಅಳೆಯುವ ಟೈಮ್‌ಪಿಕ್ಸ್ ತರಹದ ಚಿಪ್ ಆದರೆ ಕಡಿಮೆ ಶಕ್ತಿಯ ಕಡೆ ರೇಖೆ ಬಾಗುತ್ತದೆ; ಅಲ್ಲಿ ಇನ್ನೂ ಒಂದೆರಡು ಬಿಂದು ಬೇಕೇ ಬೇಕು. ಎರಡು ಪಿಕ್ಸೆಲ್‌ಗಳ ಗೇನ್‌ನಲ್ಲಿ 2 ಶೇಕಡಾ ವ್ಯತ್ಯಾಸ ಉಳಿದರೂ 60 ಕೆಇವಿಯಲ್ಲಿ ಅದು 1.2 ಕೆಇವಿ. ಗೇನ್ ಸರಿಯಿಲ್ಲದೆ ಕೂಡಿಸಿದರೆ ಎಷ್ಟು ಕೂಡಿಸಿದರೂ ಪೀಕ್ ಮಸುಕೇ.

ಕೂಡಿಸುವುದು

ಒಂದೇ ಸಮಯದ ಕಿಟಕಿಯೊಳಗೆ ಬಂದ, ಅಂಚು ಅಥವಾ ಮೂಲೆ ತಾಗಿದ ಪಿಕ್ಸೆಲ್‌ಗಳನ್ನು ಒಂದು ಗುಂಪು ಎಂದು ಹಿಡಿದು ಶಕ್ತಿ ಕೂಡಿಸಿ. ಕಿಟಕಿ ತೀರಾ ಕಿರಿದಾಗದಿರಲಿ: ಸಣ್ಣ ಪಲ್ಸ್ ಥ್ರೆಶೋಲ್ಡ್ ದಾಟುವುದು ತಡ, ಹಾಗಾಗಿ ಒಂದೇ ಘಟನೆ ಎರಡಾಗಿ ಒಡೆದುಹೋಗುತ್ತದೆ. ತೀರಾ ಅಗಲವಾದರೆ ಸಂಬಂಧವಿಲ್ಲದ ಎರಡು ಫೋಟಾನ್‌ಗಳು ಒಂದಾಗುತ್ತವೆ. ಕಿಟಕಿ 1 ಮೈಕ್ರೊಸೆಕೆಂಡ್ ಇದ್ದು, ಅಕ್ಕಪಕ್ಕದ ಪಿಕ್ಸೆಲ್‌ಗಳಿಗೆ ಒಟ್ಟು ಸೆಕೆಂಡಿಗೆ 10,000 ಫೋಟಾನ್ ಬಂದರೆ ಇಂಥ ಆಕಸ್ಮಿಕ ಸುಮಾರು 1 ಶೇಕಡಾ.

ಎಂಟೂ ನೆರೆಯ ಪಿಕ್ಸೆಲ್‌ಗಳನ್ನು ಕಣ್ಣು ಮುಚ್ಚಿ ಕೂಡಿಸಬೇಡಿ. ಒಂಬತ್ತರ ನಾಯ್ಸ್ ಸೇರಿ ಮೂರು ಪಟ್ಟಾಗುತ್ತದೆ. ಮೆಡಿಪಿಕ್ಸ್3 ಚಿಪ್ ಎರಡಕ್ಕೆರಡರ ಗುಂಪಿನಲ್ಲಿ ಈ ಕೂಡುವಿಕೆಯನ್ನು ತನ್ನೊಳಗೇ ಮಾಡುವಂತೆ ರೂಪಿತವಾಗಿದೆ. ಅಂಥ ಚಿಪ್ ಇದ್ದರೆ ಆ ವಿಧಾನವನ್ನು ಬಳಸಿ.

ಇಷ್ಟಾದರೂ ಉಳಿಯುವ ನಷ್ಟ

ಎರಡು ಪಿಕ್ಸೆಲ್‌ಗಳ ಘಟನೆಗಳನ್ನಷ್ಟೇ ತೆಗೆದುಕೊಂಡು, ಒಂದರ ಶಕ್ತಿಯನ್ನು ಅಡ್ಡಕ್ಕೂ ಇನ್ನೊಂದರದನ್ನು ಉದ್ದಕ್ಕೂ ಇಟ್ಟು ಚುಕ್ಕಿಚಿತ್ರ ಬರೆಯಿರಿ. ಕೂಡಿದಾಗ 59.5 ಬರಬೇಕಾದ ಚುಕ್ಕಿಗಳು ನೇರ ಓರೆಗೆರೆಯಲ್ಲಿ ಕೂರಬೇಕು. ನಿಜದಲ್ಲಿ ಗೆರೆಯ ಎರಡು ತುದಿ ಸರಿಯಾಗಿದ್ದು, ನಡುಭಾಗ ಒಳಕ್ಕೆ ಜೋತುಬಿದ್ದಿರುತ್ತದೆ. ಪಿಕ್ಸೆಲ್‌ಗಳ ನಡುವಿನ ಖಾಲಿ ಪಟ್ಟಿಯಲ್ಲಿ ವಿದ್ಯುತ್ ಕ್ಷೇತ್ರ ದುರ್ಬಲ. ಅಲ್ಲಿಗೆ ಬಂದ ಚಾರ್ಜ್‌ನ ಒಂದು ಪಾಲು ಯಾವ ಪಿಕ್ಸೆಲ್‌ಗೂ ಸೇರುವುದಿಲ್ಲ. ಅದೇ ಗೆರೆಯ ಮೇಲೆ 23.2 ಮತ್ತು 36.4ರ ಜೋಡಿಯಲ್ಲಿ ದಟ್ಟ ಗುಪ್ಪೆಯೂ ಕಾಣುತ್ತದೆ. ಅದು ಕ್ಯಾಡ್ಮಿಯಂ ಪರಮಾಣು ಹೊರಬಿಟ್ಟ ಎಕ್ಸ್‌ಕಿರಣ (ಫ್ಲೋರೆಸೆನ್ಸ್) ಪಕ್ಕದ ಪಿಕ್ಸೆಲ್‌ನಲ್ಲಿ ಹೀರಲ್ಪಟ್ಟ ಗುರುತು. ಟೆಲ್ಯುರಿಯಂನ ಗುಪ್ಪೆ 27.5 ಮತ್ತು 32.1ರಲ್ಲಿ.

ಸರಿಪಡಿಸಲು, ಎರಡು ಶಕ್ತಿಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ. ಉತ್ತರ –1ರಿಂದ +1ರವರೆಗೆ ಇರುತ್ತದೆ. ಅದನ್ನು ಇಪ್ಪತ್ತು ಭಾಗ ಮಾಡಿ, ಪ್ರತಿ ಭಾಗದಲ್ಲೂ ಮೊತ್ತದ ಪೀಕ್ ಎಲ್ಲಿದೆ ಎಂದು ನೋಡಿ, ಆ ಬಿಂದುಗಳಿಗೆ ಪ್ಯಾರಾಬೋಲಾ ಹೊಂದಿಸಿ. ನಿಜವಾದ ಶಕ್ತಿಯನ್ನು ಪ್ಯಾರಾಬೋಲಾದ ಬೆಲೆಯಿಂದ ಭಾಗಿಸಿದರೆ ಸಿಗುವುದೇ ಗುಣಕ. ಫ್ಲೋರೆಸೆನ್ಸ್ ಗುಪ್ಪೆಗಳನ್ನು ಹೊಂದಿಸುವಿಕೆಯಿಂದ ಹೊರಗಿಡಿ. ಅವು ವಕ್ರರೇಖೆಯನ್ನು ಎಳೆದು ಕೆಡಿಸುತ್ತವೆ. ನಷ್ಟದ ಪ್ರಮಾಣ ಶಕ್ತಿಯೊಂದಿಗೆ ಬದಲಾಗುವುದರಿಂದ 122 ಕೆಇವಿಯಲ್ಲೂ ಇದನ್ನೇ ಮಾಡಿ, ನಡುವಿನ ಶಕ್ತಿಗಳಿಗೆ ಎರಡರ ಮಧ್ಯದ ಬೆಲೆ ಬಳಸಿ.

ಶಾಟ್ಕಿ ಸಂಪರ್ಕದ (ಸೋರಿಕೆ ಕರೆಂಟ್ ತಡೆಯುವ ಲೋಹದ ಸಂಪರ್ಕ) ಕ್ಯಾಡ್ಮಿಯಂ ಟೆಲ್ಯುರೈಡ್‌ನಲ್ಲಿ ಗಂಟೆಗಳು ಕಳೆದಂತೆ ಪೀಕ್ ಕೆಳಗೆ ಜಾರಿದರೆ ಅದು ಧ್ರುವೀಕರಣ (ಹರಳಿನೊಳಗೆ ಚಾರ್ಜ್ ಶೇಖರವಾಗಿ ವಿದ್ಯುತ್ ಕ್ಷೇತ್ರ ಬದಲಾಗುವುದು), ಕ್ಯಾಲಿಬ್ರೇಷನ್ ತಪ್ಪಲ್ಲ. ಬಯಾಸ್ ಅನ್ನು ಆಗಾಗ ಸ್ವಲ್ಪ ಹೊತ್ತು ಆಫ್ ಮಾಡಿ ಮತ್ತೆ ಹಾಕಿ. ತಂಪಾಗಿಟ್ಟರೆ ಜಾರುವಿಕೆ ನಿಧಾನವಾಗುತ್ತದೆ.

ಕೊನೆಗೆ, ಒಂಟಿ, ಜೋಡಿ, ಮೂರು-ನಾಲ್ಕು ಪಿಕ್ಸೆಲ್‌ಗಳ ಘಟನೆಗಳ ಸ್ಪೆಕ್ಟ್ರಮ್‌ಗಳನ್ನು ಬೇರೆ ಬೇರೆಯಾಗಿ ಒಂದರ ಮೇಲೊಂದು ಇಟ್ಟು ನೋಡಿ. ಪೀಕ್‌ಗಳೆಲ್ಲ ಒಂದೇ ಜಾಗದಲ್ಲಿರಬೇಕು. ಜೋಡಿಯದು ನಾಯ್ಸ್‌ನಿಂದಾಗಿ ತುಸು ಅಗಲವಿದ್ದರೆ ಸಹಜ. ಪೀಕ್ ಅಗಲದ ಪಕ್ಕದಲ್ಲೇ ಪೀಕ್‌ನೊಳಗಿನ ಎಣಿಕೆಯನ್ನೂ ಬರೆದಿಡಿ, ತಿದ್ದುಪಡಿಗೆ ಮುಂಚಿನದು ಮತ್ತು ನಂತರದ್ದು ಎರಡನ್ನೂ.